ಉಪ್ಪಿನ ನಂಟಿನ ಬ್ಯಾಟರಿ: ಕೊಳ್ಳುವುದೋ, ಕಾಯುವುದೋ?



ಮಳೆಗಾಲ ಹತ್ತಿರ ಬಂತೆಂದರೆ ನಮ್ಮ ಕಾಸರಗೋಡು ಸೀಮೆಯ ಮನೆಗಳಲ್ಲಿ ಎರಡು ಮಾತು ತಪ್ಪದೆ ಏಳುತ್ತವೆ. ಒಂದು, ಅಡಿಕೆಗೆ ಮದ್ದು ಬಿಡಲು ಜನ ಸಿಗುತ್ತಾರೋ ಇಲ್ಲವೋ ಎಂಬುದು. ಇನ್ನೊಂದು, ಇನ್ವರ್ಟರಿನ ಬ್ಯಾಟರಿ ಈ ಮಳೆಗಾಲ ದಾಟೀತೋ ಇಲ್ಲವೋ ಎಂಬುದು. ಗಾಳಿಗೆ ಒಂದು ರೆಂಬೆ ತಂತಿಯ ಮೇಲೆ ಬಿದ್ದರೆ ಸಾಕು, ರಾತ್ರಿಯಿಡೀ ಕರೆಂಟಿಲ್ಲ. ಮನೆಯಲ್ಲಿ ದಮ್ಮಿನ ಕಾಯಿಲೆಯ ಹಿರಿಯರಿದ್ದು ನಡುರಾತ್ರಿ ನೆಬ್ಯುಲೈಸರ್ ಹಾಕಬೇಕಾಗಿ ಬಂದರೆ, ಆ ಬ್ಯಾಟರಿಯ ಮೇಲೆ ನಮ್ಮ ನೆಮ್ಮದಿಯೆಲ್ಲ ನಿಂತಿರುತ್ತದೆ.

ಈಗ ಈ ಚಿಂತೆಗೆ ಹೊಸ ಪ್ರಶ್ನೆಯೊಂದು ಸೇರಿಕೊಂಡಿದೆ. "ಉಪ್ಪಿನಿಂದ ಮಾಡಿದ ಬ್ಯಾಟರಿ ಬರುತ್ತದಂತೆ, ಭಾರೀ ಅಗ್ಗವಂತೆ, ಬೆಂಕಿಯೇ ಹತ್ತಿಕೊಳ್ಳದಂತೆ. ಈಗಲೇ ದುಡ್ಡು ಹಾಕುವುದೋ, ಸ್ವಲ್ಪ ಕಾಯುವುದೋ?" ಗಲ್ಫಿನಲ್ಲಿ ದುಡಿಯುವ ಮಗ ಸೋಲಾರ್ ಹಾಕಿಸಲೆಂದು ಕಳುಹಿಸಿದ ಹಣವನ್ನು ಕೈಯಲ್ಲಿ ಹಿಡಿದ ತಂದೆತಾಯಿಗೆ ಇದು ಸಣ್ಣ ಪ್ರಶ್ನೆಯಲ್ಲ. ಆದ್ದರಿಂದ ಈ ತಿಂಗಳು ಸೋಡಿಯಂ ಅಯಾನ್ ಬ್ಯಾಟರಿಯ ಗುಣಾವಗುಣಗಳನ್ನು ತುಸು ನಿಧಾನವಾಗಿ ನೋಡೋಣ.

ಉಪ್ಪಲ್ಲ, ಉಪ್ಪಿನ ನಂಟ

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ದೂರ ಮಾಡೋಣ. ಈ ಬ್ಯಾಟರಿಯೊಳಗೆ ಸಮುದ್ರದ ನೀರು ತುಂಬುವುದಿಲ್ಲ, ಅಡುಗೆಯ ಉಪ್ಪನ್ನೂ ಸುರಿಯುವುದಿಲ್ಲ. ನಾವು ಗಂಜಿಗೆ ಹಾಕುವ ಉಪ್ಪು ಸೋಡಿಯಂ ಮತ್ತು ಕ್ಲೋರಿನ್ ಎಂಬ ಎರಡು ಮೂಲವಸ್ತುಗಳ ಕೂಟ. ಬ್ಯಾಟರಿಗೆ ಬೇಕಾದುದು ಸೋಡಿಯಂ ಮಾತ್ರ. ಅದನ್ನು ಹೆಚ್ಚಾಗಿ ಸೋಡಿಯಂ ಕಾರ್ಬೊನೇಟ್ ರೂಪದಲ್ಲಿ, ಅಂದರೆ ಬಟ್ಟೆ ಒಗೆಯುವ ಸೋಡಾದ ಜಾತಿಯ ಪುಡಿಯಾಗಿ ತರುತ್ತಾರೆ. ಉಪ್ಪಿನಿಂದ ಈ ಸೋಡಾ ತಯಾರಿಸುವ ವಿದ್ಯೆ ಹಳೆಯದು. ಗುಜರಾತಿನ ಮಿಠಾಪುರದಲ್ಲಿರುವ ಟಾಟಾ ಕೆಮಿಕಲ್ಸ್ ಕಾರ್ಖಾನೆ ಇದನ್ನೇ ದಶಕಗಳಿಂದ ಮಾಡುತ್ತ ಬಂದಿದೆ.

ಸೋಡಿಯಂ ಎಂದೊಡನೆ ಶಾಲೆಯ ಪ್ರಯೋಗಶಾಲೆ ನೆನಪಾಗಿ ಹೆದರುವವರೂ ಇದ್ದಾರೆ. ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟ ಆ ಲೋಹದ ಚೂರನ್ನು ಮೇಷ್ಟ್ರು ನೀರಿಗೆ ಹಾಕಿದಾಗ ಭುಸುಗುಟ್ಟಿ ಉರಿದದ್ದನ್ನು ಯಾರು ಮರೆತಾರು? 1807ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ಅದನ್ನು ಮೊದಲ ಬಾರಿಗೆ ಬೇರ್ಪಡಿಸಿದಾಗಲೂ ಅದರ ಸ್ವಭಾವ ಹೀಗೆಯೇ ಇತ್ತು. ಆದರೆ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಇರುವುದು ಲೋಹದ ರೂಪದ ಸೋಡಿಯಂ ಅಲ್ಲ, ಸೋಡಿಯಂ ಅಯಾನು. ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಟ್ಟ ಸೋಡಿಯಂ ಪರಮಾಣುವಿಗೆ ಈ ಹೆಸರು. ಉಪ್ಪಿನಲ್ಲಿರುವುದೂ ಇದೇ. ಉಪ್ಪು ನೀರಿಗೆ ಬಿದ್ದರೆ ಉರಿಯುವುದಿಲ್ಲ, ಕರಗುತ್ತದೆ ಅಷ್ಟೆ.

ಒಂದು ಹೊಳೆ, ಎರಡು ದಡ

ಕೆಲಸ ಮಾಡುವ ಬಗೆಯನ್ನು ತಿಳಿಯಲು ಒಂದು ಹೊಳೆಯನ್ನು ಊಹಿಸಿಕೊಳ್ಳಿ. ಹೊಳೆಗೆ ಎರಡು ದಡ. ಒಂದು ದಡ ಪಾಸಿಟಿವ್ ಬದಿ, ಇನ್ನೊಂದು ನೆಗೆಟಿವ್ ಬದಿ. ನಡುವಿನ ನೀರೇ ಎಲೆಕ್ಟ್ರೊಲೈಟ್ ಎಂಬ ದ್ರವ. ಬ್ಯಾಟರಿಯನ್ನು ಚಾರ್ಜಿಗೆ ಹಾಕಿದಾಗ ಸೋಡಿಯಂ ಅಯಾನುಗಳು ದೋಣಿಯಲ್ಲಿ ಹೊಳೆ ದಾಟಿ ನೆಗೆಟಿವ್ ದಡದ ಇದ್ದಿಲಿನಂಥ ಪದಾರ್ಥದೊಳಗೆ ಹೋಗಿ ಕುಳಿತುಕೊಳ್ಳುತ್ತವೆ. ಅವುಗಳ ಜೊತೆಗಾರರಾದ ಎಲೆಕ್ಟ್ರಾನುಗಳಿಗೆ ದೋಣಿ ಹತ್ತಲು ಅನುಮತಿಯಿಲ್ಲ. ಅವು ಹೊರಗಿನ ತಂತಿ ಎಂಬ ಸಂಕದ ಮೇಲೆ ಸುತ್ತಿ ಬರಬೇಕು. ನಾವು ಫ್ಯಾನು ಹಾಕಿದಾಗ ಅಯಾನುಗಳು ಮತ್ತೆ ದೋಣಿ ಹತ್ತಿ ಮರಳುತ್ತವೆ. ಎಲೆಕ್ಟ್ರಾನುಗಳು ಸಂಕ ದಾಟುತ್ತ ದಾರಿಯಲ್ಲಿ ನಮ್ಮ ಫ್ಯಾನನ್ನು ತಿರುಗಿಸಿ ಹೋಗುತ್ತವೆ.

ಮೊಬೈಲಿನಲ್ಲಿರುವ ಲಿಥಿಯಂ ಬ್ಯಾಟರಿಯ ಕ್ರಮವೂ ಇದೇ. ದೋಣಿಯ ಪ್ರಯಾಣಿಕ ಮಾತ್ರ ಬೇರೆ. 1970ರ ದಶಕದಲ್ಲಿ ವಿಜ್ಞಾನಿಗಳು ಸೋಡಿಯಂ ಮತ್ತು ಲಿಥಿಯಂ ಎರಡನ್ನೂ ಪರೀಕ್ಷಿಸುತ್ತಿದ್ದರು. ಆದರೆ ಲಿಥಿಯಂ ತೀರ ಹಗುರ. ಅದರ ಪರಮಾಣುವಿನ ತೂಕ 7 ಆದರೆ ಸೋಡಿಯಂನದ್ದು 23. ಲಿಥಿಯಂ ಗ್ರಾಫೈಟಿನ ಪದರಗಳ ನಡುವೆ ಸಲೀಸಾಗಿ ಸೇರಿಕೊಳ್ಳುತ್ತದೆ, ಸೋಡಿಯಂ ಮತ್ತು ಗ್ರಾಫೈಟಿಗೆ ಹೊಂದಾಣಿಕೆಯೇ ಆಗುವುದಿಲ್ಲ. 1991ರಲ್ಲಿ ಜಪಾನಿನ ಸೋನಿ ಕಂಪೆನಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದ ಮೇಲೆ ಎಲ್ಲರ ಗಮನ ಅತ್ತ ಹೋಯಿತು. ಅದರ ಹಿಂದಿನ ಮೂವರು ವಿಜ್ಞಾನಿಗಳಿಗೆ, ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರ ಯೋಶಿನೊ ಇವರಿಗೆ, 2019ರಲ್ಲಿ ನೊಬೆಲ್ ಬಹುಮಾನವೂ ಬಂತು. ಸೋಡಿಯಂ ಮೂಲೆಗೆ ಸರಿಯಿತು.

ತೆಂಗಿನ ಗೆರಟೆಯ ಪಾಲು

ಬಾಗಿಲು ಮತ್ತೆ ತೆರೆದದ್ದು 2000ದಲ್ಲಿ. ಕೆನಡಾದ ಸ್ಟೀವನ್ಸ್ ಮತ್ತು ಜೆಫ್ ಡಾನ್ ಎಂಬ ಸಂಶೋಧಕರು ಗ್ರಾಫೈಟಿನ ಬದಲು ಗಡಸು ಇಂಗಾಲವನ್ನು ಬಳಸಿದರೆ ಸೋಡಿಯಂ ಅದರಲ್ಲಿ ಚೆನ್ನಾಗಿ ನೆಲೆ ನಿಲ್ಲುತ್ತದೆಂದು ತೋರಿಸಿಕೊಟ್ಟರು. ಗ್ರಾಫೈಟಿನ ಪದರಗಳು ಹೊಸ ಇಸ್ಪೀಟು ಕಟ್ಟಿನಂತೆ ಒಪ್ಪವಾಗಿರುತ್ತವೆ. ಗಡಸು ಇಂಗಾಲ ಕೈತಪ್ಪಿ ಚೆಲ್ಲಿದ ಇಸ್ಪೀಟಿನಂತೆ. ಎಲೆಗಳು ಅಡ್ಡಾದಿಡ್ಡಿ ಬಿದ್ದು ನಡುವೆ ಸಂದುಗೊಂದುಗಳು ಉಳಿದಿರುತ್ತವೆ. ಆ ಸಂದುಗಳೇ ಸೋಡಿಯಂನ ಮನೆ.

ಈ ಗಡಸು ಇಂಗಾಲವನ್ನು ಯಾವುದರಿಂದ ಮಾಡುತ್ತಾರೆ? ನಮ್ಮ ಓದುಗರಿಗೆ ಸಂತೋಷವಾಗಬಹುದಾದ ಸಂಗತಿಯೆಂದರೆ, ಅದಕ್ಕೆ ಬಳಸುವ ಒಳ್ಳೆಯ ಕಚ್ಚಾವಸ್ತುಗಳಲ್ಲಿ ತೆಂಗಿನ ಗೆರಟೆಯೂ ಒಂದು. ಗಾಳಿ ಸೋಕದಂತೆ ಸಾವಿರ ಡಿಗ್ರಿಗೂ ಮೀರಿದ ಶಾಖದಲ್ಲಿ ಸುಟ್ಟು, ಶುದ್ಧಗೊಳಿಸಿ, ಪುಡಿ ಮಾಡಿದರೆ ಅದು ಸಿದ್ಧ. ನಾವು ನೀರೊಲೆಗೆ ಹಾಕುವ, ಇಸ್ತ್ರಿಪೆಟ್ಟಿಗೆಗೆ ಕೆಂಡ ಮಾಡುವ ಗೆರಟೆಗೆ ಹೀಗೂ ಒಂದು ಬೆಲೆಯಿದೆ. 1916ರಲ್ಲಿಯೇ ತೆಂಗಿನ ಸಂಶೋಧನೆ ಆರಂಭವಾದ ಕಾಸರಗೋಡಿನವರು ಇದನ್ನು ತಿಳಿದಿರಬೇಕು. ಆದರೆ ನಾಳೆಯೇ ಗೆರಟೆಗೆ ಚಿನ್ನದ ಬೆಲೆ ಬಂದೀತೆಂದು ಯಾರೂ ಲೆಕ್ಕ ಹಾಕಬೇಕಾಗಿಲ್ಲ. ಬಿದಿರು, ಮರ, ಕಲ್ಲಿದ್ದಲು ಮೊದಲಾದವುಗಳಿಂದಲೂ ಗಡಸು ಇಂಗಾಲ ತಯಾರಾಗುತ್ತದೆ.

ಒಳಿತು ಏನೇನು?

ಮೊದಲನೆಯದು ಸಮೃದ್ಧಿ. ಭೂಮಿಯ ಹೊರಪದರದಲ್ಲಿ ಸೋಡಿಯಂ ಲಿಥಿಯಂಗಿಂತ ಸಾವಿರ ಪಟ್ಟಿಗೂ ಹೆಚ್ಚಿದೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿಯೇ ಸುಮಾರು 10 ಗ್ರಾಂ ಇದೆ. ಲಿಥಿಯಂ ಗಣಿಗಾರಿಕೆ ಆಸ್ಟ್ರೇಲಿಯ, ಚಿಲಿ, ಚೀನಾ, ಅರ್ಜೆಂಟೀನದಂಥ ಕೆಲವೇ ದೇಶಗಳ ಕೈಯಲ್ಲಿದೆ. ನಮ್ಮ ದೇಶದಲ್ಲಿ ಮಂಡ್ಯ ಜಿಲ್ಲೆಯ ಮರ್ಲಗಲ್ಲದಲ್ಲಿ ಲಿಥಿಯಂ ಸಿಕ್ಕಿತೆಂದು ದೊಡ್ಡ ಸುದ್ದಿಯಾಗಿತ್ತು. ಕೊನೆಗೆ ಸರಕಾರ ಕೊಟ್ಟ ಅಂದಾಜು 1600 ಟನ್ ಮಾತ್ರ. 2023ರಲ್ಲಿ ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಅದಿರಿನ ಅಂದಾಜು ಪ್ರಕಟವಾಯಿತು, ಆದರೆ ಅಂದಾಜಿಗೂ ಗಣಿಗೂ ನಡುವೆ ಬಹಳ ದೂರವಿದೆ.

ಎರಡನೆಯದು, ಇತರ ಲೋಹಗಳ ಉಳಿತಾಯ. ಲಿಥಿಯಂ ಬ್ಯಾಟರಿಯ ನೆಗೆಟಿವ್ ಬದಿಗೆ ತಾಮ್ರದ ತಗಡು ಬೇಕೇ ಬೇಕು. ಸೋಡಿಯಂ ಬ್ಯಾಟರಿಯಲ್ಲಿ ಎರಡೂ ಬದಿಗೆ ಅಗ್ಗದ ಅಲ್ಯೂಮಿನಿಯಂ ಸಾಕು. ಪಾಸಿಟಿವ್ ಬದಿಯನ್ನು ಕಬ್ಬಿಣ, ಮ್ಯಾಂಗನೀಸ್ ಮುಂತಾದವುಗಳಿಂದ ಮಾಡಬಹುದು. ಕೋಬಾಲ್ಟ್ ಬೇಕಿಲ್ಲ. ಕಾಂಗೊ ದೇಶದ ಕೋಬಾಲ್ಟ್ ಗುಂಡಿಗಳಲ್ಲಿ ಎಳೆಯ ಮಕ್ಕಳು ದುಡಿಯುವ ಕಥೆಯನ್ನು ಬಲ್ಲವರಿಗೆ ಇದು ಕೇವಲ ದುಡ್ಡಿನ ಲೆಕ್ಕವಲ್ಲ. ಆದರೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಈಗ ಮನೆಗಳಿಗೆ ಬರುವ ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಗಳಲ್ಲಿಯೂ ಕೋಬಾಲ್ಟ್ ಇಲ್ಲ.

ಮೂರನೆಯದು, ಚಳಿ ಮತ್ತು ಸೆಕೆಯನ್ನು ತಡೆಯುವ ಶಕ್ತಿ. ಚೀನಾದ ಸಿಎಟಿಎಲ್ ಕಂಪೆನಿ 2025ರ ಎಪ್ರಿಲಿನಲ್ಲಿ ಪ್ರಕಟಿಸಿದ ತನ್ನ ಸೋಡಿಯಂ ಬ್ಯಾಟರಿ ಸೊನ್ನೆಗಿಂತ 40 ಡಿಗ್ರಿ ಕೆಳಗಿನಿಂದ 70 ಡಿಗ್ರಿ ಸೆಲ್ಸಿಯಸ್ ವರೆಗೂ ನಡೆಯುತ್ತದೆಂದು ಹೇಳಿಕೊಂಡಿದೆ. ನಾಲ್ಕನೆಯದು, ಇದನ್ನು ಪೂರ್ತಿ ಸೊನ್ನೆ ವೋಲ್ಟಿಗೆ ಇಳಿಸಿ ಸಾಗಿಸಬಹುದು. ಲಿಥಿಯಂ ಬ್ಯಾಟರಿಯನ್ನು ಹಾಗೆ ಬರಿದು ಮಾಡಿದರೆ ಅದು ಕೆಟ್ಟುಹೋಗುತ್ತದೆ.

ಕೊರತೆಗಳನ್ನೂ ನೋಡಬೇಕು

ದೊಡ್ಡ ಕೊರತೆ ತೂಕದ್ದು. ಒಂದು ಕಿಲೋ ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ತು ಹಿಡಿಸುತ್ತದೆಂಬುದೇ ಅಳತೆಗೋಲು. ನಮ್ಮ ಮನೆಗಳ ಸೀಸದ ಬ್ಯಾಟರಿಯಲ್ಲಿ ಕಿಲೋಗೆ 30ರಿಂದ 40 ವ್ಯಾಟ್-ಗಂಟೆ. 2021ರಲ್ಲಿ ಸಿಎಟಿಎಲ್ ಮುಂದಿಟ್ಟ ಮೊದಲ ಸೋಡಿಯಂ ಬ್ಯಾಟರಿಯಲ್ಲಿ 160, 2025ರದ್ದರಲ್ಲಿ 175. ಹೆಚ್ಚು ದೂರ ಓಡುವ ಕಾರುಗಳ ನಿಕ್ಕಲ್ ಬಳಸಿದ ಲಿಥಿಯಂ ಬ್ಯಾಟರಿಯಲ್ಲಿ 250ಕ್ಕೂ ಮೇಲೆ. ಜಪಾನಿನ ಎಲೆಕಾಮ್ ಕಂಪೆನಿ 2025ರಲ್ಲಿ ಸೋಡಿಯಂ ಬಳಸಿದ 9000 ಎಂಎಎಚ್ ಪವರ್ ಬ್ಯಾಂಕ್ ಮಾರಾಟಕ್ಕೆ ತಂದಾಗ ಅದರ ತೂಕ ಸುಮಾರು 350 ಗ್ರಾಂ ಇತ್ತು. ಕಿಸೆಗೆ ಅದು ಭಾರವೇ. ಆದರೆ ಮನೆಯ ಮೂಲೆಯಲ್ಲಿ ಕುಳಿತಿರುವ ಬ್ಯಾಟರಿಯನ್ನು ಯಾರೂ ಹೊತ್ತು ತಿರುಗುವುದಿಲ್ಲವಲ್ಲ? ಆದ್ದರಿಂದಲೇ ಇದು ಕಾರಿಗಿಂತಲೂ ಮನೆಗೆ, ಸಬ್‌ಸ್ಟೇಶನ್ನಿಗೆ ಹೆಚ್ಚು ಒಪ್ಪುವ ವಸ್ತು.

ಎರಡನೆಯ ಕೊರತೆ ಮಾರುಕಟ್ಟೆಯದ್ದು. 2022ರ ನವೆಂಬರಿನಲ್ಲಿ ಚೀನಾದಲ್ಲಿ ಲಿಥಿಯಂ ಕಾರ್ಬೊನೇಟಿನ ಬೆಲೆ ಟನ್ನಿಗೆ ಸುಮಾರು 6 ಲಕ್ಷ ಯುವಾನ್ ಮುಟ್ಟಿತ್ತು. ಆಗ ಎಲ್ಲರೂ ಸೋಡಿಯಂ ಜಪ ಮಾಡತೊಡಗಿದರು. 2023ರ ಕೊನೆಗೆ ಅದೇ ಬೆಲೆ ಸುಮಾರು ಒಂದು ಲಕ್ಷಕ್ಕೆ ಕುಸಿಯಿತು. ಲಿಥಿಯಂ ಅಗ್ಗವಾದ ಮೇಲೆ ಸೋಡಿಯಂ ತಯಾರಕರ ಲೆಕ್ಕಾಚಾರವೇ ತಲೆಕೆಳಗಾಯಿತು. ಸೋಡಿಯಂ ಬ್ಯಾಟರಿ ಮಾಡುವುದಾಗಿ ಹೇಳಿದ್ದ ಸ್ವೀಡನ್ನಿನ ನಾರ್ತ್‌ವೋಲ್ಟ್ ಬೇರೆ ಬೇರೆ ಕಾರಣಗಳಿಂದ 2025ರ ಮಾರ್ಚಿನಲ್ಲಿ ದಿವಾಳಿಯಾಯಿತು. ಅಮೆರಿಕದ ನೇಟ್ರಾನ್ ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಾಗಿಲು ಮುಚ್ಚಿತು. ಕಚ್ಚಾವಸ್ತು ಅಗ್ಗವಾದ ಮಾತ್ರಕ್ಕೆ ಬ್ಯಾಟರಿ ಅಗ್ಗವಾಗಲೇಬೇಕೆಂದಿಲ್ಲ. ಅಕ್ಕಿ ಅಗ್ಗವಾದರೂ ಹೋಟೆಲಿನ ದೋಸೆಯ ಬೆಲೆ ಇಳಿಯುವುದಿಲ್ಲವಲ್ಲ, ಹಾಗೆ.

ಮೂರನೆಯದು ಬೆಂಕಿಯ ವಿಷಯ. "ಬೆಂಕಿಯೇ ಹತ್ತದು" ಎಂಬ ಮಾತನ್ನು ನಂಬಬೇಡಿ. ಇದರೊಳಗಿನ ದ್ರವವೂ ಸಾಮಾನ್ಯವಾಗಿ ಉರಿಯಬಲ್ಲದ್ದೇ. ಅಪಾಯ ಕಡಿಮೆಯಿರಬಹುದು, ಇಲ್ಲವೇ ಇಲ್ಲವೆನ್ನಲಾಗದು.

ಈಗ ಎಲ್ಲಿಯವರೆಗೆ ಬಂದಿದೆ?

ಈ ದಾರಿಯಲ್ಲಿ ಮುಂದಿರುವುದು ಚೀನಾ. ಅಲ್ಲಿನ ಜೆಎಸಿ ಕಂಪೆನಿ ಹೈನಾ ಎಂಬ ಸಂಸ್ಥೆಯ ಜೊತೆಗೂಡಿ 2023ರ ಫೆಬ್ರವರಿಯಲ್ಲಿ ಸೋಡಿಯಂ ಬ್ಯಾಟರಿಯ ಪುಟ್ಟ ಕಾರನ್ನು ತೋರಿಸಿತು. ಅದರಲ್ಲಿ 25 ಯೂನಿಟ್ ವಿದ್ಯುತ್ತು ಹಿಡಿಸುತ್ತಿತ್ತು, ಓಟ 252 ಕಿಲೋಮೀಟರ್ ಎಂದು ಹೇಳಲಾಯಿತು. 2024ರ ಜನವರಿಯಲ್ಲಿ ಆ ಕಂಪೆನಿಯ ಸೋಡಿಯಂ ಕಾರುಗಳು ಗಿರಾಕಿಗಳ ಕೈಸೇರಿದವು. 2025ರ ಬ್ಯಾಟರಿಯಿಂದ 500 ಕಿಲೋಮೀಟರ್ ತನಕ ಓಡಬಹುದೆಂದು ಸಿಎಟಿಎಲ್ ಹೇಳಿದೆ. ಕಂಪೆನಿಗಳು ಹೇಳುವ ದೂರಕ್ಕೂ ನಮ್ಮ ಘಾಟಿ ರಸ್ತೆಯಲ್ಲಿ ಸಿಗುವ ದೂರಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ.

ಊರಿಗೇ ವಿದ್ಯುತ್ತು ಕೂಡಿಡುವ ಕೆಲಸದಲ್ಲಿ ಇದು ಇನ್ನೂ ಮುಂದೆ ಹೋಗಿದೆ. 2024ರಲ್ಲಿ ಹುಬೇ ಪ್ರಾಂತ್ಯದಲ್ಲಿ 100 ಮೆಗಾವ್ಯಾಟ್-ಗಂಟೆಯ, ಎಂದರೆ ಒಂದು ಲಕ್ಷ ಯೂನಿಟ್ ಹಿಡಿಸುವ, ಸೋಡಿಯಂ ಬ್ಯಾಟರಿಗಳ ಕೇಂದ್ರ ಆರಂಭವಾಯಿತು.

ನಮ್ಮ ದೇಶವೂ ಸುಮ್ಮನೆ ಕುಳಿತಿಲ್ಲ. 2011ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಫ್ಯಾರಡಿಯಾನ್ ಎಂಬ ಸೋಡಿಯಂ ಬ್ಯಾಟರಿ ಕಂಪೆನಿಯನ್ನು 10 ಕೋಟಿ ಪೌಂಡ್ ಮೌಲ್ಯಕ್ಕೆ ಕೊಳ್ಳುವುದಾಗಿ ರಿಲಯನ್ಸ್ 2021ರ ಕೊನೆಯ ದಿನ ಪ್ರಕಟಿಸಿತು. ಪುಣೆಯ ಕೆಪಿಐಟಿ 2023ರ ಡಿಸೆಂಬರಿನಲ್ಲಿ ತನ್ನ ತಂತ್ರಜ್ಞಾನವನ್ನು ತೋರಿಸಿತು. ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು ಆರು ನಿಮಿಷದಲ್ಲಿ ಶೇಕಡಾ 80ರಷ್ಟು ಚಾರ್ಜ್ ಆಗುವ, 3000 ಬಾರಿಗೂ ಮಿಕ್ಕಿ ಬಾಳುವ ಸೋಡಿಯಂ ಬ್ಯಾಟರಿಯನ್ನು ರೂಪಿಸಿದ ಸುದ್ದಿ 2025ರ ಮೇ ತಿಂಗಳಲ್ಲಿ ಬಂತು. ಪ್ರಯೋಗಶಾಲೆಯಿಂದ ಅಂಗಡಿಗೆ ಬರಲು ಸಮಯ ಬೇಕು. ಆದರೂ ಹೆಮ್ಮೆಯ ವಿಷಯವೇ.

ಹಾಗಾದರೆ ನಮ್ಮ ಮನೆಗೆ?

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಕೆಲವು ಮಾತುಗಳನ್ನು ನೆನಪಿಡಿ.

ಒಂದು: ಹಳೆಯ ಇನ್ವರ್ಟರಿಗೆ ಸೋಡಿಯಂ ಬ್ಯಾಟರಿಯನ್ನು ಹಾಗೆಯೇ ಜೋಡಿಸಬಾರದು. ಸೀಸದ ಬ್ಯಾಟರಿಯ ವೋಲ್ಟೇಜು ಸುಮಾರು 10.5ರಿಂದ 14.4ರ ನಡುವೆ ಆಡುತ್ತದೆ. ಹಲವು ಬಗೆಯ ಸೋಡಿಯಂ ಕೋಶಗಳು ತುಂಬಿದಾಗ 4 ವೋಲ್ಟ್, ಬರಿದಾದಾಗ 1.5 ವೋಲ್ಟ್. ನಾಲ್ಕು ಕೋಶ ಸೇರಿಸಿದರೆ 16ರಿಂದ 6 ವೋಲ್ಟಿನ ತನಕ ಏರಿಳಿತ. ಹಳೆಯ ಇನ್ವರ್ಟರು ಅದನ್ನು ಪೂರ್ತಿ ತುಂಬಿಸುವುದೂ ಇಲ್ಲ, ಪೂರ್ತಿ ಬಳಸುವುದೂ ಇಲ್ಲ. ಕೊಟ್ಟ ದುಡ್ಡಿಗೆ ಅರ್ಧ ಪ್ರಯೋಜನವೂ ಸಿಗಲಿಕ್ಕಿಲ್ಲ. ಸೋಡಿಯಂಗೆ ಹೊಂದುವ ಇನ್ವರ್ಟರ್ ಇದೆಯೇ ಎಂದು ಮೊದಲು ಕೇಳಿ.

ಎರಡು: ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆಯಲ್ಲಿ 2024ರಿಂದ 3 ಕಿಲೋವ್ಯಾಟ್ ಅಥವಾ ಅದಕ್ಕೂ ದೊಡ್ಡ ಸೋಲಾರಿಗೆ 78,000 ರೂಪಾಯಿ ಸಹಾಯಧನ ನಿಗದಿಯಾಗಿದೆ. ಅದು ಫಲಕಗಳಿಗೆ, ಬ್ಯಾಟರಿಗಲ್ಲ. ಬ್ಯಾಟರಿಯಿಲ್ಲದೆ ವಿದ್ಯುತ್ ಮಂಡಳಿಯ ಲೈನಿಗೆ ಜೋಡಿಸಿದ ಸೋಲಾರು ಕರೆಂಟು ಹೋದಾಗ ತಾನೂ ನಿಂತುಬಿಡುತ್ತದೆ. ಕಂಬದ ಮೇಲಿರುವ ಲೈನ್‌ಮ್ಯಾನಿನ ಪ್ರಾಣ ಉಳಿಸಲೆಂದೇ ಈ ಏರ್ಪಾಡು. "ಸೋಲಾರ್ ಹಾಕಿಸಿದೆವು, ಇನ್ನು ಕತ್ತಲೆಯಿಲ್ಲ" ಎಂದುಕೊಂಡವರು ಮೊದಲ ಗಾಳಿಮಳೆಗೇ ನಿರಾಶರಾಗುವುದು ಇದರಿಂದ.

ಮೂರು: ಬ್ಯಾಟರಿ ದೊಡ್ಡದು ಮಾಡುವ ಮೊದಲು ಖರ್ಚು ಸಣ್ಣದು ಮಾಡಿ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1.8 ಯೂನಿಟ್ ಇದೆ. ಅದು ಬಾಳಬೇಕಾದರೆ 1.2 ಯೂನಿಟಿಗಿಂತ ಹೆಚ್ಚು ತೆಗೆಯದಿರುವುದು ಲೇಸು. 75 ವ್ಯಾಟಿನ ಮೂರು ಹಳೆಯ ಫ್ಯಾನು, 9 ವ್ಯಾಟಿನ ನಾಲ್ಕು ಬಲ್ಬು ಹಾಕಿದರೆ ಅದು ಸುಮಾರು ನಾಲ್ಕೂವರೆ ಗಂಟೆಗೆ ಮುಗಿಯುತ್ತದೆ. ಫ್ಯಾನುಗಳನ್ನು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನುಗಳಿಗೆ ಬದಲಿಸಿದರೆ ಅದೇ ಬ್ಯಾಟರಿ ಒಂಬತ್ತು ಗಂಟೆ ಬರುತ್ತದೆ. ಇನ್ವರ್ಟರಿನಲ್ಲಿ ಆಗುವ ನಷ್ಟ ಕಳೆದರೆ ಎರಡೂ ಲೆಕ್ಕ ತುಸು ಕಡಿಮೆಯಾದೀತು, ಆದರೆ ಇಮ್ಮಡಿ ಲಾಭ ಇಮ್ಮಡಿಯೇ.

ನಾಲ್ಕು: ಮಾರುವವರಲ್ಲಿ ನಾಲ್ಕು ಪ್ರಶ್ನೆ ಕೇಳಲು ಸಂಕೋಚಪಡಬೇಡಿ. ಇದರಲ್ಲಿ ನಿಜವಾಗಿ ಎಷ್ಟು ಯೂನಿಟ್ ಬಳಸಲು ಸಿಗುತ್ತದೆ? ಗ್ಯಾರಂಟಿ ಎಷ್ಟು ವರ್ಷ, ಅದರಲ್ಲಿ ಪುಕ್ಕಟೆ ಬದಲಿಸಿಕೊಡುವುದು ಎಷ್ಟು ವರ್ಷ? ಕೆಟ್ಟರೆ ರಿಪೇರಿ ಮಾಡುವವರು ಹತ್ತಿರದಲ್ಲಿ ಎಲ್ಲಿದ್ದಾರೆ? ಕಂಪೆನಿ ಮುಚ್ಚಿದರೆ ಗತಿಯೇನು? ಕಾಗದದಲ್ಲಿ ಬರೆದುಕೊಡದ ಉತ್ತರ ಉತ್ತರವಲ್ಲ.

ಐದು: ಹಳೆಯ ಸೀಸದ ಬ್ಯಾಟರಿಯನ್ನು ಗುಜರಿಯವನಿಗೆ ಕೊಟ್ಟು ಕೈತೊಳೆದುಕೊಳ್ಳಬೇಡಿ. ಕಂಡಕಂಡಲ್ಲಿ ಅದನ್ನು ಒಡೆದು ಕರಗಿಸಿದಾಗ ಸೀಸದ ಹೊಗೆ, ಧೂಳು ಸುತ್ತಲಿನ ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ಹಿಂದಕ್ಕೆ ಪಡೆಯುವ ಹೊಣೆ ತಯಾರಕರದ್ದು. ಹೊಸದನ್ನು ಕೊಳ್ಳುವ ಅಂಗಡಿಗೇ ಹಳೆಯದನ್ನು ಮರಳಿಸಿ, ರಶೀದಿಯಲ್ಲಿ ಅದರ ಬೆಲೆ ಕಳೆಯುವಂತೆ ಹೇಳಿ.

ನಮ್ಮ ಅಭಿಪ್ರಾಯ ಇಷ್ಟೇ. ಮನೆಯಲ್ಲಿ ರೋಗಿಗಳಿದ್ದು ಬ್ಯಾಟರಿ ಸೋತಿದ್ದರೆ ಸೋಡಿಯಂ ಬರಲೆಂದು ಕಾಯಬೇಡಿ. ಇಂದು ಊರಿನಲ್ಲಿ ಸಿಗುವ, ಊರಿನಲ್ಲೇ ರಿಪೇರಿಯಾಗುವ ಒಳ್ಳೆಯ ಬ್ಯಾಟರಿಯನ್ನು ಕೊಳ್ಳಿ. ಈಗಿರುವ ಬ್ಯಾಟರಿ ಇನ್ನೂ ಗಟ್ಟಿಯಾಗಿದ್ದರೆ ಡಿಸ್ಟಿಲ್ಡ್ ನೀರು ಸಮಯಕ್ಕೆ ಸರಿಯಾಗಿ ಹಾಕಿ, ಗಾಳಿಯಾಡುವ ಜಾಗದಲ್ಲಿಟ್ಟು ಎರಡು ಮಳೆಗಾಲ ದಾಟಿಸಿ. ಅಷ್ಟರಲ್ಲಿ ಸೋಡಿಯಂ ಬ್ಯಾಟರಿಯ ಬಾಳಿಕೆಯೂ ಬೆಲೆಯೂ ಹೆಚ್ಚು ಸ್ಪಷ್ಟವಾದಾವು. ಹೊಸ ಸೋಲಾರ್ ಹಾಕಿಸುವವರು ಮುಂದೆ ಬೇರೆ ಬಗೆಯ ಬ್ಯಾಟರಿಯನ್ನೂ ಜೋಡಿಸಬಹುದಾದ ಇನ್ವರ್ಟರನ್ನು ಕೇಳಿ ಪಡೆಯಲಿ. ಮಗ ಬೆವರು ಸುರಿಸಿ ಕಳುಹಿಸಿದ ಹಣವನ್ನು ಸುದ್ದಿ ಕೇಳಿ ಖರ್ಚು ಮಾಡುವುದೂ ಬೇಡ, ಸುದ್ದಿ ಕೇಳಿ ಕಟ್ಟಿಡುವುದೂ ಬೇಡ. ಎರಡು ಅಂಗಡಿ ತಿರುಗಿ, ಲೆಕ್ಕ ಬರೆದು, ಮನೆಯವರೆಲ್ಲ ಕುಳಿತು ಮಾತಾಡಿ ತೀರ್ಮಾನಿಸಿ.